ಡ್ರೋನಿನ ರಚನೆಯೂ ಅದರ ದಿನಚರಿಯೂ

ಡ್ರೋನೆಂಬ ಹಾರುವ ಯಂತ್ರವನ್ನು ಕಂಡು ಬೆರಗಾಗುವ ಕಾಲವು ನಮ್ಮ ಸೀಮೆಯಲ್ಲಿ ಕಳೆದುಹೋಯಿತು. ಮದುವೆಯ ಚಪ್ಪರದ ಮೇಲೆ ಚಿತ್ರ ತೆಗೆಯುವುದಕ್ಕಾಗಿ ಅದನ್ನು ಹಾರಿಸುತ್ತಾರೆ. ಬೆಳೆಗೆ ಔಷಧಿ ಸಿಂಪಡಿಸುವುದಕ್ಕೂ ಅದು ಬಂದಿರುತ್ತದೆ. ೨೦೨೦ನೆಯ ಇಸವಿ ಏಪ್ರಿಲ್ ೨೪ರಂದು ಕೇಂದ್ರ ಸರ್ಕಾರವು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ಹಿತ್ತಲುಗಳ ಎಲ್ಲೆಯನ್ನು ಡ್ರೋನಿನ ಸಹಾಯದಿಂದಲೇ ಗುರುತಿಸತೊಡಗಿದರು. ಮೊದಲ ಹಂತದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದಾಗಿತ್ತು. ೨೦೨೩ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯು ದೇಶದ ೧೫,೦೦೦ ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆಯ ಡ್ರೋನುಗಳನ್ನು ಒದಗಿಸುವ ಉದ್ದೇಶವುಳ್ಳದ್ದು. ಆದುದರಿಂದ ಈ ಯಂತ್ರವು ನಮ್ಮ ಹೆಣ್ಣುಮಕ್ಕಳಿಗೆ ದೂರದ ವಸ್ತುವೆಂದು ಹೇಳಲಾಗದು.

ಆದರೆ ಹಾರಿಸಲು ಕಲಿಯುವುದು ಒಂದು ವಿದ್ಯೆ, ರಚಿಸಲು ಕಲಿಯುವುದು ಮತ್ತೊಂದು ವಿದ್ಯೆ. ಈ ಎರಡನೆಯ ವಿದ್ಯೆಯು ಇತ್ತೀಚಿನವರೆಗೂ ದೊಡ್ಡ ಕಾರ್ಖಾನೆಗಳ ಒಳಗೇ ಇತ್ತು. ಮೂರು ಆಯಾಮದ ಮುದ್ರಣಯಂತ್ರವು, ಅಂದರೆ ಜನರು ತ್ರೀ-ಡಿ ಪ್ರಿಂಟರ್ ಎಂದು ಕರೆಯುವ ಯಂತ್ರವು, ಅದನ್ನು ಶಾಲೆಯ ಮೇಜಿನ ಮೇಲಕ್ಕೆ ತಂದಿರಿಸಿದೆ. ೨೦೧೬ರಲ್ಲಿ ಆರಂಭವಾದ ಅಟಲ್ ಇನ್ನೊವೇಶನ್ ಮಿಷನ್ನಿನವರು ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ಸ್ಥಾಪಿಸುವ ಪ್ರಯೋಗಶಾಲೆಗಳಲ್ಲಿ ಈ ಯಂತ್ರವೂ ಒಂದು ಸಲಕರಣೆಯಾಗಿರುತ್ತದೆ. ಇಂಥ ಯಂತ್ರದಿಂದ ಡ್ರೋನಿನ ಭಾಗಗಳನ್ನು ಮಾಡುವುದು ಹೇಗೆ, ಮತ್ತು ಮಾಡುವಾಗ ಹೆಜ್ಜೆಹೆಜ್ಜೆಗೂ ಲೆಕ್ಕವನ್ನು ಬರೆದಿಡುವುದು ಏಕೆ ಅವಶ್ಯ ಎಂಬುದನ್ನು ತಿಳಿಯಪಡಿಸುವುದೇ ಈ ಲೇಖನದ ಉದ್ದೇಶವು.

ಕಳೆದು ಮಾಡುವುದೂ ಕೂಡಿಸಿ ಮಾಡುವುದೂ

ವಸ್ತುಗಳನ್ನು ಮಾಡುವುದರಲ್ಲಿ ಎರಡು ಕ್ರಮಗಳುಂಟು. ಚನ್ನರಾಯಪಟ್ಟಣದ ತಾಲ್ಲೂಕಿನಲ್ಲಿರುವ ಶ್ರವಣಬೆಳಗೊಳಕ್ಕೆ ಹೋದವರು ಮೊದಲನೆಯ ಕ್ರಮವನ್ನು ಕಣ್ಣಾರೆ ಕಂಡಿರುತ್ತಾರೆ. ಕ್ರಿ. ಶ. ೯೮೧ರ ಸುಮಾರಿನಲ್ಲಿ ಚಾವುಂಡರಾಯನು ಮಾಡಿಸಿದ, ೫೭ ಅಡಿ ಎತ್ತರದ ಗೊಮ್ಮಟಮೂರ್ತಿಯು ಒಂದೇ ಬಂಡೆಯಲ್ಲಿ ಕಡೆದದ್ದು. ಬೇಡವಾದ ಕಲ್ಲನ್ನು ಕೆತ್ತಿ ತೆಗೆದ ಬಳಿಕ ಉಳಿದದ್ದೇ ಮೂರ್ತಿಯಾಯಿತು. ಕಾರ್ಖಾನೆಯಲ್ಲಿ ಉಕ್ಕಿನ ಗಟ್ಟಿಯನ್ನು ಕೊರೆದು ಚಕ್ರ ಮಾಡುವುದೂ ಇದೇ ಜಾತಿಯ ಕೆಲಸವು.

ಎರಡನೆಯ ಕ್ರಮಕ್ಕೆ ನಮ್ಮ ಹೊಲದ ಬದುವಿನ ಮೇಲಿರುವ ಹುತ್ತವೇ ಸಾಕ್ಷಿ. ಗೆದ್ದಲು ಒಂದು ಕಣದ ಮೇಲೆ ಇನ್ನೊಂದು ಕಣವನ್ನಿಟ್ಟು ಕಟ್ಟುತ್ತದೆ. ಮುದ್ರಣಯಂತ್ರವೂ ಹಾಗೆಯೇ ಕೂಡಿಸಿ ಕಟ್ಟುತ್ತದೆ. ಚಕ್ಕುಲಿಯ ಒರಳಿನಿಂದ ಹಿಟ್ಟಿನ ಎಳೆ ಹೊರಬೀಳುವಂತೆ, ಕಾದ ಮೂತಿಯೊಂದರಿಂದ ಕರಗಿದ ಪ್ಲಾಸ್ಟಿಕ್ಕಿನ ಎಳೆಯು ಹೊರಬಂದು, ಕಂಪ್ಯೂಟರು ತೋರಿಸಿದ ದಾರಿಯಲ್ಲಿ ಹಾಸಿಕೊಳ್ಳುತ್ತದೆ, ತಣ್ಣಗಾಗಿ ಗಟ್ಟಿಯಾಗುತ್ತದೆ, ಅದರ ಮೇಲೆ ಮತ್ತೊಂದು ಪದರವು ಬೀಳುತ್ತದೆ. ಒಂದು ಪದರವು ೦.೨ ಮಿಲಿಮೀಟರ್ ದಪ್ಪವಾದರೆ, ೨೦ ಮಿಲಿಮೀಟರ್ ಎತ್ತರದ ಭಾಗವೊಂದಕ್ಕೆ ೧೦೦ ಪದರಗಳು ಬೇಕಾಗುವುವು.

ಇದು ಒಂದು ಬಗೆ ಮಾತ್ರ. ಅಮೆರಿಕದ ಚಕ್ ಹಲ್ ಎಂಬವರು ೧೯೮೪ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ವಿಧಾನದಲ್ಲಿ ದ್ರವರೂಪದ ರಾಳವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಮಾಡುತ್ತಿದ್ದರು. ಎಳೆಯನ್ನು ಕರಗಿಸಿ ಹಾಸುವ ವಿಧಾನವನ್ನು ಸ್ಕಾಟ್ ಕ್ರಂಪ್ ಎಂಬವರು ಆ ದಶಕದ ಕೊನೆಯಲ್ಲಿ ಕಂಡುಹಿಡಿದರು. ಪುಡಿಯನ್ನು ಹರಡಿ ಲೇಸರ್ ಕಿರಣದಿಂದ ಬೆಸೆಯುವ ಮೂರನೆಯ ವಿಧಾನವೂ ಉಂಟು. ಅದರಿಂದ ನೈಲಾನನ್ನೂ ಲೋಹವನ್ನೂ ರೂಪಿಸಬಹುದು.

ಹಾರುವ ವಸ್ತುವಿಗೆ ಈ ಕ್ರಮವು ಒಪ್ಪುವುದೇಕೆ

ಹಾರುವ ವಸ್ತುವಿಗೆ ತೂಕವೇ ಶತ್ರು. ಕೂಡಿಸಿ ಕಟ್ಟುವಾಗ ಬಲ ಬೇಕಾದ ಕಡೆ ಮಾತ್ರ ಪದಾರ್ಥವನ್ನಿಟ್ಟು, ಬೇಡವಾದ ಕಡೆ ಜೇನುಗೂಡಿನಂತೆ ಪೊಳ್ಳಾಗಿ ಬಿಡಬಹುದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ೨೦೧೧ರಲ್ಲಿ ಸುಲ್ಸಾ ಎಂಬ ಚಾಲಕನಿಲ್ಲದ ಪುಟ್ಟ ವಿಮಾನವನ್ನು ಹಾರಿಸಿದರು. ಅದರ ಮೈಯನ್ನು ಲೇಸರಿನಿಂದ ಬೆಸೆದ ನೈಲಾನಿನಲ್ಲಿ ಮುದ್ರಿಸಿದ್ದರು. ಯಾವ ಉಪಕರಣವೂ ಇಲ್ಲದೆ ಕೈಯಿಂದಲೇ ಅದರ ಭಾಗಗಳನ್ನು ಜೋಡಿಸಬಹುದಾಗಿತ್ತು. ಹಿಂದೆ ಬಾರ್ನ್ಸ್ ವಾಲಿಸ್ ಎಂಬ ಇಂಜಿನಿಯರು ವೆಲಿಂಗ್ಟನ್ ವಿಮಾನಕ್ಕಾಗಿ ಬಳಸಿದ್ದ ಬಲೆಯಂಥ ಹೆಣಿಗೆಯ ಚೌಕಟ್ಟನ್ನು ಅವರು ಇದರಲ್ಲಿ ಬಳಸಿದರು. ಆ ಹೆಣಿಗೆಯನ್ನು ಹಳೆಯ ವಿಧಾನದಲ್ಲಿ ಮಾಡುವುದಕ್ಕೆ ಬಹಳ ಶ್ರಮವೂ ಹಣವೂ ತಗಲುತ್ತಿತ್ತು. ಮುದ್ರಣಯಂತ್ರಕ್ಕಾದರೋ ಸರಳ ರೇಖೆಯೂ ಹೆಣಿಗೆಯೂ ಹೆಚ್ಚುಕಡಿಮೆ ಸಮವೇ. ೨೦೧೫ರಲ್ಲಿ ಇಂಥದೇ ವಿಮಾನವು ಮರ್ಸಿ ಎಂಬ ಯುದ್ಧನೌಕೆಯಿಂದ ಹಾರಿ, ಸುಮಾರು ೫೦೦ ಮೀಟರ್ ದೂರ ಸಾಗಿ, ಡಾರ್ಸೆಟ್ಟಿನ ಕಡಲ ತೀರದಲ್ಲಿ ಇಳಿಯಿತು.

ನಮ್ಮ ದೇಶದ ಉದಾಹರಣೆಯನ್ನೂ ಕೊಡುವೆವು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಉಪಗ್ರಹ ನಿಯಂತ್ರಣ ಕೇಂದ್ರವನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಅದು ೧೯೮೨ರಲ್ಲಿ ಸ್ಥಾಪಿತವಾದದ್ದು. ಅದೇ ಇಸ್ರೋ ಸಂಸ್ಥೆಯವರು ೨೦೨೪ರ ಮೇ ೯ರಂದು ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಲೇಸರ್ ಮುದ್ರಣದಿಂದ ಮಾಡಿಸಿ ಪರೀಕ್ಷಿಸಿದರು. ಮೊದಲು ೧೪ ಭಾಗಗಳಾಗಿದ್ದುದು ಒಂದೇ ಭಾಗವಾಯಿತು. ೧೯ ಬೆಸುಗೆಗಳು ಇಲ್ಲವಾದುವು. ಒಂದು ಎಂಜಿನಿಗೆ ೫೬೫ ಕಿಲೋಗ್ರಾಂ ಕಚ್ಚಾ ಲೋಹವು ಬೇಕಾಗಿದ್ದಲ್ಲಿ ೧೩.೭ ಕಿಲೋಗ್ರಾಂ ಲೋಹದ ಪುಡಿಯು ಸಾಕಾಯಿತು.

ಆದರೆ ವಾಚಕರು ಗಮನಿಸಬೇಕಾದ ಸಂಗತಿಯು ಬೇರೊಂದುಂಟು. ಆ ಎಂಜಿನನ್ನು ಮುದ್ರಿಸಿದೊಡನೆಯೇ ಪೂರ್ಣ ಪರೀಕ್ಷೆಗೆ ಒಡ್ಡಲಿಲ್ಲ. ಮೊದಲು ಲೆಕ್ಕದಿಂದ ಅದರೊಳಗಿನ ಹರಿವನ್ನೂ ಶಾಖವನ್ನೂ ಬಲವನ್ನೂ ನೋಡಿದರು. ಬಳಿಕ ಬೆಂಕಿಯಿಲ್ಲದೆ ದ್ರವವನ್ನು ಹರಿಯಿಸಿ ನೋಡಿದರು. ಬಳಿಕ ನಾಲ್ಕು ಸಲ ಉರಿಸಿ ಒಟ್ಟು ೭೪ ಸೆಕೆಂಡುಗಳ ಪರೀಕ್ಷೆಯನ್ನು ನಡೆಸಿದರು. ಅದರ ಮೇಲೆಯೇ ೬೬೫ ಸೆಕೆಂಡುಗಳ ಪೂರ್ಣ ಪರೀಕ್ಷೆಗೆ ಕೈಹಾಕಿದ್ದು. ಮುದ್ರಣವು ಸುಲಭವಾದ ಮಾತ್ರಕ್ಕೆ ಪರೀಕ್ಷೆಯ ಮೆಟ್ಟಿಲುಗಳು ಕಡಿಮೆಯಾಗಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದು ಕಲ್ಪಿತ ಉದಾಹರಣೆ

ರಚನೆಯ ಹೆಜ್ಜೆಗಳನ್ನು ವಿವರಿಸುವುದಕ್ಕಾಗಿ ಒಂದು ಸಂದರ್ಭವನ್ನು ಊಹಿಸೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಿಂದ ಬಂದ ನಾಲ್ವರು ಹುಡುಗಿಯರು ಒಂದು ಡ್ರೋನನ್ನು ಮಾಡಹೊರಟಿದ್ದಾರೆಂದು ಇಟ್ಟುಕೊಳ್ಳೋಣ. ಚನ್ನರಾಯಪಟ್ಟಣದ ಹುಡುಗಿಯ ತಂದೆಗೆ ತೆಂಗಿನ ತೋಟವಿದೆ. ಮರದ ಸುಳಿಗೆ ಹುಳು ಬಿದ್ದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಮರ ಹತ್ತುವ ಆಳು ಸಿಕ್ಕುವುದಿಲ್ಲ. ಪುಟ್ಟ ಕ್ಯಾಮರಾವನ್ನು ಹೊತ್ತು ಸುಳಿಯವರೆಗೆ ಏರಿ ಬರುವ ಯಂತ್ರವೊಂದು ಬೇಕು. ಇದೇ ಮೊದಲನೆಯ ಹೆಜ್ಜೆ. ಯಾರಿಗೆ ಏನು ಬೇಕೆಂಬುದನ್ನು ಎರಡು ಸಾಲಿನಲ್ಲಿ ಬರೆಯುವುದು.

ಎರಡನೆಯ ಹೆಜ್ಜೆಯು ಮಿತಿಗಳನ್ನು ಬರೆಯುವುದು. ೨೦೨೧ರ ಆಗಸ್ಟ್ ೨೫ರಂದು ಪ್ರಕಟವಾದ ಡ್ರೋನ್ ನಿಯಮಗಳು ಇವುಗಳನ್ನು ತೂಕದಿಂದ ವಿಂಗಡಿಸುತ್ತವೆ. ೨೫೦ ಗ್ರಾಂ ಮೀರದವು ನ್ಯಾನೋ. ಅದಕ್ಕೂ ಹೆಚ್ಚಾಗಿ ೨ ಕಿಲೋಗ್ರಾಂವರೆಗಿನವು ಮೈಕ್ರೋ. ೨೫ ಕಿಲೋಗ್ರಾಂವರೆಗಿನವು ಚಿಕ್ಕವು. ೧೫೦ ಕಿಲೋಗ್ರಾಂವರೆಗಿನವು ಮಧ್ಯಮ. ಅದನ್ನೂ ಮೀರಿದವು ದೊಡ್ಡವು. ನಮ್ಮ ಹುಡುಗಿಯರು ನ್ಯಾನೋ ವರ್ಗದೊಳಗೇ ಇರಬೇಕೆಂದು ನಿಶ್ಚಯಿಸುತ್ತಾರೆ. ಮೂರನೆಯ ಹೆಜ್ಜೆಯು ಲೆಕ್ಕ. ಯಂತ್ರವು ಗಾಳಿಯಲ್ಲಿ ನಿಂತು ತಿರುಗಾಡಬೇಕಾದರೆ ಅದರ ಮೋಟಾರುಗಳು ತೂಕಕ್ಕೆ ಸುಮಾರು ಇಮ್ಮಡಿ ಎತ್ತುಬಲವನ್ನು ಕೊಡುವಂತಿರುವುದು ಲೇಸು. ಬ್ಯಾಟರಿ, ಮೋಟಾರು, ಕ್ಯಾಮರಾ, ಚೌಕಟ್ಟು ಎಲ್ಲ ಸೇರಿ ೨೪೦ ಗ್ರಾಂ ಆದರೆ ೪೮೦ ಗ್ರಾಂ ಎತ್ತುಬಲ ಬೇಕು. ನಾಲ್ಕು ಮೋಟಾರುಗಳಿಗೆ ಹಂಚಿದರೆ ಒಂದಕ್ಕೆ ೧೨೦ ಗ್ರಾಂ.

ಆಮೇಲೆ ಚಿತ್ರ ಬರೆದು, ಮುದ್ರಿಸಿ, ಜೋಡಿಸುತ್ತಾರೆ. ಮೋಟಾರನ್ನು ಹೊರುವ ನಾಲ್ಕು ತೋಳುಗಳು ಒಂದೊಂದೂ ೧೨ ಗ್ರಾಂ. ಸೊಂಟದ ಎತ್ತರದಿಂದ ಒಮ್ಮೆ ಕೆಳಗೆ ಬಿದ್ದುದೇ ತಡ, ಎರಡು ತೋಳುಗಳು ಬುಡದಲ್ಲಿ ಮುರಿದುಹೋಗುತ್ತವೆ. ಸುಲಭವಾದ ಉಪಾಯವು ಎಲ್ಲರಿಗೂ ಹೊಳೆಯುವುದೇ: ತೋಳನ್ನು ದಪ್ಪ ಮಾಡುವುದು. ಒಂದೊಂದೂ ೧೬ ಗ್ರಾಂ ಆಗುವಂತೆ ಮಾಡುತ್ತಾರೆ. ಈ ಸಲ ಮುರಿಯುವುದಿಲ್ಲ. ಆದರೆ ತೂಗಿ ನೋಡಿದರೆ ಒಟ್ಟು ೨೫೬ ಗ್ರಾಂ. ತಾವೇ ಹಾಕಿಕೊಂಡ ಮಿತಿಯನ್ನು ದಾಟಿದರು.

ಈಗ ಮುರಿದ ತೋಳುಗಳನ್ನು ಬಿಸಾಡದೆ ಇಟ್ಟುಕೊಂಡಿದ್ದ ಹುಡುಗಿಯು ಅವನ್ನು ಹೊರತೆಗೆಯುತ್ತಾಳೆ. ಮುರುಕು ನುಣುಪಾಗಿದೆ, ಅಡ್ಡಲಾಗಿ, ಒಂದು ಪದರವು ಇನ್ನೊಂದರಿಂದ ಬಿಟ್ಟುಕೊಂಡಿದೆ. ಎಳೆಯನ್ನು ಹಾಸಿ ಮಾಡಿದ ವಸ್ತುವಿನಲ್ಲಿ ಎಳೆಯ ಉದ್ದಕ್ಕೆ ಇರುವ ಬಲವು ಪದರಪದರಗಳ ನಡುವಿನ ಅಂಟಿಗೆ ಇರುವುದಿಲ್ಲ. ತೋಳನ್ನು ಕಂಬದಂತೆ ನಿಲ್ಲಿಸಿ ಮುದ್ರಿಸಿದ್ದರಿಂದ ಪದರಗಳು ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳಂತೆ ಅಡ್ಡಲಾಗಿದ್ದುವು. ಮಲಗಿಸಿ ಮುದ್ರಿಸಿದರೆ ಎಳೆಗಳು ಸೌದೆಯ ನಾರಿನಂತೆ ಉದ್ದಕ್ಕೆ ಹರಿಯುವುವು. ಹಾಗೆ ಮಾಡಿದಾಗ ೧೨ ಗ್ರಾಮಿನ ತೋಳೇ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಗ್ರಾಂ ಸಹ ಹೆಚ್ಚುವುದಿಲ್ಲ.

ಆದರೆ ಇಲ್ಲಿ ಒಂದು ತೊಡಕುಂಟು. ತೋಳನ್ನು ಮಲಗಿಸಿ ಮುದ್ರಿಸುವ ಜೊತೆಗೇ ಅದರ ಬುಡದ ಚೂಪಾದ ಮೂಲೆಯನ್ನು ಉರುಟು ಮಾಡಿದ್ದರೆ, ಗಟ್ಟಿಯಾದದ್ದು ಯಾವುದರಿಂದ? ಎರಡೂ ಬಲ ಕೊಡುವ ಉಪಾಯಗಳೇ. ಒಮ್ಮೆಲೇ ಎರಡನ್ನು ಬದಲಿಸಿದವರಿಗೆ ಉತ್ತರವು ಗೊತ್ತಾಗದು. ಒಂದೊಂದನ್ನೇ ಬೇರೆಬೇರೆಯಾಗಿ ಮತ್ತೆ ಮುದ್ರಿಸಿ ನೋಡಬೇಕಾಗುವುದು. ಆದಕಾರಣ ಒಂದು ಸಲಕ್ಕೆ ಒಂದೇ ಬದಲಾವಣೆಯೆಂಬ ನಿಯಮವನ್ನು ಹುಡುಗಿಯರು ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಟ್ಟುಕೊಳ್ಳತಕ್ಕದ್ದು.

ದಿನಚರಿಯಲ್ಲಿ ಬರೆಯತಕ್ಕದ್ದು

ಇಷ್ಟರಿಂದ ದಿನಚರಿಯ ಉಪಯೋಗವು ವಾಚಕರಿಗೆ ತಿಳಿದಿರಬಹುದು. ಅದರಲ್ಲಿ ಬರೆಯಬೇಕಾದುವು ಆರು. ಒಂದನೆಯದು, ಭಾಗದ ಸಂಖ್ಯೆ ಮತ್ತು ತಾರೀಖು; ಆ ಸಂಖ್ಯೆಯನ್ನು ಭಾಗದ ಮೈಮೇಲೆಯೇ ಮುದ್ರಿಸಬೇಕು. ಎರಡನೆಯದು, ಹಿಂದಿನದಕ್ಕಿಂತ ಏನನ್ನು ಬದಲಿಸಿದೆವು, ಏಕೆ ಬದಲಿಸಿದೆವು ಎಂಬುದು. ಮೂರನೆಯದು, ಪರೀಕ್ಷೆಗೆ ಮುಂಚೆ ನಮ್ಮ ಊಹೆ ಏನಾಗಿತ್ತೆಂಬುದು. ಇದನ್ನು ಪರೀಕ್ಷೆಯಾದ ಮೇಲೆ ಬರೆಯಬಾರದು. ಯಾಕಂದರೆ ಫಲವನ್ನು ಕಂಡ ಮೇಲೆ ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿತ್ತೆಂದು ತೋರುವುದುಂಟು. ನಾಲ್ಕನೆಯದು, ಮುದ್ರಿಸಿದ ರೀತಿ: ಯಾವ ಪ್ಲಾಸ್ಟಿಕ್ಕು, ಎಷ್ಟು ಶಾಖ, ಪದರದ ದಪ್ಪವೆಷ್ಟು, ಯಾವ ಮಗ್ಗುಲಾಗಿ ಇಟ್ಟದ್ದು, ಒಳಗೆ ಎಷ್ಟು ತುಂಬಿಸಿದ್ದು. ಐದನೆಯದು, ತೂಗಿದ ತೂಕ. ಆರನೆಯದು, ಪರೀಕ್ಷೆಯ ಫಲ ಮತ್ತು ಮುಂದಿನ ನಿರ್ಧಾರ. ಅದನ್ನು ಯಾರು ಮಾಡಿದರೆಂಬ ರುಜು.

ಹವೆಯನ್ನೂ ಬರೆದಿಡುವುದು ಒಳ್ಳೆಯದು. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ಕನ್ನು ಮುಸುಕಿನ ಜೋಳ, ಕಬ್ಬು ಮೊದಲಾದ ಬೆಳೆಗಳಿಂದ ತಯಾರಿಸುತ್ತಾರೆ. ಅದು ಸುಮಾರು ೬೦ ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮೆತ್ತಗಾಗತೊಡಗುವುದರಿಂದ ಬೇಸಗೆಯ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಇಟ್ಟ ತೋಳು ಬಾಗಿಹೋದೀತು. ನೈಲಾನಿನ ಎಳೆಯಾದರೋ ಗಾಳಿಯ ತೇವವನ್ನು ಹೀರುತ್ತದೆ. ತೇವಗೊಂಡ ಎಳೆಯಿಂದ ಮುದ್ರಿಸಿದ ಭಾಗವು ಬಲಹೀನವಾಗುತ್ತದೆ. ಅರಕಲಗೂಡಿನ ಆಷಾಢದ ಜಡಿಮಳೆಯಲ್ಲಿ ಮುದ್ರಿಸಿದ್ದಕ್ಕೂ ಚನ್ನರಾಯಪಟ್ಟಣದ ಮಾಘದ ಒಣಹವೆಯಲ್ಲಿ ಮುದ್ರಿಸಿದ್ದಕ್ಕೂ ವ್ಯತ್ಯಾಸ ಕಂಡಾಗ ಕಾರಣವನ್ನು ಹೇಳಬಲ್ಲದ್ದು ದಿನಚರಿಯೊಂದೇ.

ಚಿತ್ರ ಬರೆಯುವ ಕಂಪ್ಯೂಟರೇ ಹಳೆಯ ರೂಪಗಳನ್ನೆಲ್ಲ ಕ್ರಮವಾಗಿ ಕಾದಿಡುತ್ತದಲ್ಲಾ, ಪುಸ್ತಕವೇಕೆ ಎಂದು ಕೆಲವರು ಕೇಳಬಹುದು. ಕಂಪ್ಯೂಟರು ಕಾದಿಡುವುದು ಸತ್ಯವೇ, ಮತ್ತು ಅದು ಬಹಳ ಪ್ರಯೋಜನಕರವಾದುದು. ಆದರೆ ತೋಳು ೧೨ ಗ್ರಾಮಿನಿಂದ ೧೬ ಗ್ರಾಮಿಗೆ ಏರಿತೆಂಬುದನ್ನು ಅದು ಹೇಳುತ್ತದೆ. ಏಕೆ ಏರಿಸಿದರು, ಯಾವ ಆಸೆಯಿಂದ ಏರಿಸಿದರು, ಏಕೆ ಮತ್ತೆ ಇಳಿಸಿದರು ಎಂಬುದನ್ನು ಹೇಳಲಾರದು. ಮುಂದಿನ ವರ್ಷ ಬರುವ ತರಗತಿಯ ಹುಡುಗಿಯರಿಗೆ ಬೇಕಾದುದು ಈ ಕಾರಣಗಳೇ. ಅವು ಇಲ್ಲದೆ ಹೋದರೆ ಅವರೂ ತೋಳನ್ನು ದಪ್ಪ ಮಾಡುವುದರಿಂದಲೇ ಆರಂಭಿಸುವರು.

ರುಜುವಿನ ವಿಷಯದಲ್ಲಿ ನಮ್ಮ ಸೀಮೆಯಲ್ಲಿಯೇ ಹಳೆಯ ಮೇಲ್ಪಂಕ್ತಿಯುಂಟು. ಚನ್ನರಾಯಪಟ್ಟಣದ ತಾಲ್ಲೂಕಿನ ನುಗ್ಗೆಹಳ್ಳಿಯಲ್ಲಿ ೧೨೪೬ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ಆ ಹೆಸರುಗಳಿರುವುದರಿಂದಲೇ ಒಬ್ಬನು ದಕ್ಷಿಣದ ಮಗ್ಗುಲಲ್ಲಿಯೂ ಇನ್ನೊಬ್ಬನು ಉತ್ತರದ ಮಗ್ಗುಲಲ್ಲಿಯೂ ಕೆಲಸ ಮಾಡಿದರೆಂದು ವಿದ್ವಾಂಸರು ಗುರುತಿಸಲು ಸಾಧ್ಯವಾಯಿತು. ಅಮೆರಿಕದ ರೈಟ್ ಸಹೋದರರೂ ಹೀಗೆಯೇ ಬರೆದಿಡುವವರು. ೧೯೦೧ರಲ್ಲಿ ತಮ್ಮ ಗ್ಲೈಡರು ಲೆಕ್ಕದಂತೆ ಏರದೆ ಹೋದಾಗ, ಅವರು ಗಾಳಿಯ ಪೆಟ್ಟಿಗೆಯೊಂದನ್ನು ಮಾಡಿ, ಹಲವು ಆಕಾರದ ಪುಟ್ಟ ರೆಕ್ಕೆಗಳನ್ನು ಅದರಲ್ಲಿಟ್ಟು ಅಳೆದು ಬರೆದರು. ಎಲ್ಲರೂ ನಂಬಿದ್ದ ಹಳೆಯ ಅಂಕಿಯೊಂದು ತಪ್ಪೆಂದು ಅವರಿಗೆ ಗೊತ್ತಾದದ್ದು ತಮ್ಮದೇ ಅಳತೆಗಳನ್ನು ಬರೆದಿಟ್ಟುದರಿಂದ. ೧೯೦೩ರ ಡಿಸೆಂಬರ್ ೧೭ರ ಹಾರಾಟವು ಆ ಪುಸ್ತಕಗಳಿಂದ ಹುಟ್ಟಿತೆಂದರೆ ತಪ್ಪಾಗಲಾರದು.

ತಪ್ಪನ್ನು ಬರೆಯುವ ಧೈರ್ಯ

ಈಗ ನಾವು ಈ ಲೇಖನದ ಮುಖ್ಯವಾದ ಮಾತಿಗೆ ಬರುವೆವು. ಶಾಲೆಗಳಲ್ಲಿ ಹೆಣ್ಣುಮಕ್ಕಳನ್ನು ಅವರ ಪುಸ್ತಕಗಳ ಅಂದಕ್ಕಾಗಿ ನಾವು ಬಹಳ ಹೊಗಳುತ್ತೇವೆ. ಅಕ್ಷರವು ಮುತ್ತಿನಂತಿರಬೇಕು, ಚಿತ್ತು ಇರಬಾರದು, ಪ್ರಯೋಗದ ಫಲವು ಪಾಠಪುಸ್ತಕದಲ್ಲಿರುವಂತೆಯೇ ಬಂದಿರಬೇಕು. ಹಾಗೆ ಬರದಿದ್ದರೆ ಪುಟವನ್ನು ಹರಿದು ಮತ್ತೆ ಬರೆಯುವ ಅಭ್ಯಾಸವನ್ನು ನಾವೇ ಅರಿಯದೆ ಕಲಿಸಿರುತ್ತೇವೆ. ಈ ತಪ್ಪು ಉಪಾಧ್ಯಾಯರಾದ ನಮ್ಮದು. ಡ್ರೋನಿನ ದಿನಚರಿಗೆ ಈ ಅಂದವು ವಿಷವಿದ್ದಂತೆ. ಹರಿದ ಪುಟದಲ್ಲಿಯೇ ಮುರಿದ ತೋಳಿನ ಕಾರಣವಿರುತ್ತದೆ.

ಬೇಲೂರಿನ ಜಕಣಾಚಾರಿಯ ಕಥೆಯನ್ನು ನಮ್ಮ ಜಿಲ್ಲೆಯಲ್ಲಿ ಅರಿಯದವರು ವಿರಳ. ಅವನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ತರುಣನೊಬ್ಬನು ಹೇಳಿದನಂತೆ. ಮೈಗೆಲ್ಲ ಗಂಧವನ್ನು ಬಳಿದು ನೋಡಿದರೆ ಎಲ್ಲ ಕಡೆಯೂ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯಿತಂತೆ. ಅಲ್ಲಿ ಉಳಿಯಿಟ್ಟು ಒಡೆದಾಗ ನೀರಿನೊಡನೆ ಕಪ್ಪೆಯೊಂದು ಹೊರಬಿತ್ತಂತೆ. ಮಾತಿಗೆ ಕಟ್ಟುಬಿದ್ದ ಶಿಲ್ಪಿಯು ತನ್ನ ಬಲಗೈಯನ್ನೇ ಕಡಿದುಕೊಂಡನೆಂದು ಕಥೆ. ಇದು ಚರಿತ್ರೆಯಲ್ಲ, ಐತಿಹ್ಯ. ಆದರೂ ಇದರಲ್ಲಿ ಕಲಿಯತಕ್ಕ ವಿಷಯಗಳು ಎರಡಿವೆ. ವಸ್ತುವನ್ನು ಒಡೆಯದೆ ಒಳಗಿನ ದೋಷವನ್ನು ಕಾಣುವ ಉಪಾಯವು ಪರೀಕ್ಷಕನಿಗೆ ಬೇಕೆಂಬುದು ಒಂದು. ಎರಡನೆಯದನ್ನು ಕಥೆಯು ಬಾಯಿಬಿಟ್ಟು ಹೇಳದು: ದೋಷ ಕಂಡಾಗ ಕೈ ಕಡಿಯುವ ಪದ್ಧತಿಯಿದ್ದರೆ ಮುಂದಿನ ಶಿಲ್ಪಿಯು ತನ್ನ ಕಲ್ಲಿನ ದೋಷವನ್ನು ಯಾರಿಗೂ ತೋರಿಸನು. ಆ ತರುಣನಿಗೆ ಬಹುಮಾನವೂ ಹಿರಿಯನಿಗೆ ಮತ್ತೊಂದು ಕಲ್ಲೂ ಸಿಕ್ಕಿದ್ದರೆ ಊರಿಗೆ ಇಬ್ಬರು ಶಿಲ್ಪಿಗಳು ಉಳಿಯುತ್ತಿದ್ದರು.

ತೆಂಗಿನ ಸುಳಿಯನ್ನು ನೋಡಿ ಬರುವ ೨೪೦ ಗ್ರಾಮಿನ ಆಟಿಕೆಯಂಥ ಯಂತ್ರವು ಬಿದ್ದರೆ ಹೆಚ್ಚು ಹಾನಿಯಿಲ್ಲದಿರಬಹುದು. ಆದರೆ ಔಷಧಿಯ ತೊಟ್ಟಿಯನ್ನು ಹೊತ್ತ ಸಿಂಪಡಣೆಯ ಡ್ರೋನು ಹತ್ತಾರು ಕಿಲೋಗ್ರಾಂ ತೂಗುತ್ತದೆ. ಹೊಳೆನರಸೀಪುರದ ಗದ್ದೆಯ ಬದುವಿನಲ್ಲಿ ನಿಂತು ಅದನ್ನು ಹಾರಿಸುವವಳು ನಿಮ್ಮ ಅಕ್ಕನೋ ಚಿಕ್ಕಮ್ಮನೋ ಆಗಿರಬಹುದು. ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿರುವವಳು ನಿಮ್ಮ ತಾಯಿಯಾಗಿರಬಹುದು. ಅದರ ತೋಳಿನಲ್ಲಿ ಒಂದು ಬಿರುಕಿದ್ದು, ಅದನ್ನು ಕಂಡ ಹುಡುಗಿಯೊಬ್ಬಳು ಅಂಕ ಕಡಿಮೆಯಾದೀತೆಂದು ಹೆದರಿ ಬರೆಯದೆ ಬಿಟ್ಟಿದ್ದರೆ ಏನಾಗುವುದೆಂದು ಯೋಚಿಸಿರಿ. ಬರೆಯದೆ ಬಿಟ್ಟ ಒಂದು ಸಾಲು ಇನ್ನೊಬ್ಬರ ತಲೆಯ ಮೇಲೆ ಬೀಳಬಹುದು.

ಆದುದರಿಂದ ಉಪಾಧ್ಯಾಯಿನಿಯರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಇಂಥ ಕೆಲಸಕ್ಕೆ ಅಂಕ ಕೊಡುವಾಗ ಹಾರಿದ ಯಂತ್ರಕ್ಕೆ ಅರ್ಧ ಅಂಕವನ್ನೂ ದಿನಚರಿಗೆ ಅರ್ಧ ಅಂಕವನ್ನೂ ಇಡಿರಿ. ತಪ್ಪನ್ನು ಪ್ರಾಮಾಣಿಕವಾಗಿ ಬರೆದವಳಿಗೆ ಅಂಕ ಕಡಿಯಬೇಡಿರಿ. ಮುರಿದ ಭಾಗಗಳನ್ನು ಸಂಖ್ಯೆ ಬರೆದು ಒಂದು ಪೆಟ್ಟಿಗೆಯಲ್ಲಿ ಇರಿಸಿರಿ. ಪ್ರದರ್ಶನದ ದಿನದಂದು ಹಾರುವ ಡ್ರೋನಿನ ಪಕ್ಕದಲ್ಲಿಯೇ ಆ ಪೆಟ್ಟಿಗೆಯನ್ನೂ ತೆರೆದಿಡಿರಿ. ನೋಡಲು ಬಂದ ತಂದೆತಾಯಿಯರಿಗೆ ಮಕ್ಕಳು ಹೇಗೆ ಕಲಿತರೆಂಬುದು ಆ ಪೆಟ್ಟಿಗೆಯಿಂದಲೇ ತಿಳಿಯುವುದು.

ಬಾಲಕಿಯರೇ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಆಲೂಗೆಡ್ಡೆಯೂ ತೆಂಗೂ ಹೊಗೆಸೊಪ್ಪೂ ಭತ್ತವೂ ಬೆಳೆಯುವುವು. ಒಂದೊಂದು ಬೆಳೆಗೂ ಒಂದೊಂದು ಕಷ್ಟವುಂಟು. ಆ ಕಷ್ಟವನ್ನು ನಿಮ್ಮಷ್ಟು ಹತ್ತಿರದಿಂದ ಬಲ್ಲ ಇಂಜಿನಿಯರು ಬೇರೆ ಊರಿನಲ್ಲಿ ಸಿಕ್ಕಲಾರನು. ಯಂತ್ರವನ್ನು ರಚಿಸುವ ಸಲಕರಣೆಯು ಈಗ ಶಾಲೆಯ ಮೇಜಿಗೆ ಬಂದಿದೆ. ಇನ್ನು ಬೇಕಾದುದು ಒಂದು ದಪ್ಪ ಪುಸ್ತಕ, ಒಂದು ಲೇಖನಿ, ಮತ್ತು ಈ ದಿನ ನನ್ನ ತೋಳು ಮುರಿಯಿತು, ಕಾರಣವನ್ನು ಇನ್ನೂ ಅರಿಯೆನು, ನಾಳೆ ನೋಡುವೆನು ಎಂದು ಬರೆದು ರುಜು ಹಾಕುವ ಧೈರ್ಯ. ಅದು ನಿಮ್ಮಲ್ಲಿ ಬೆಳೆಯಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.